ಮುಂದಿನ ಪಂಕ್ತಿ

ಬೂಟು ಬಿಚ್ಚಿ ಚರ್ಚಿನ ಮೆಟ್ಟಿಲ ಪಕ್ಕ ಇಟ್ಟ ಮೇಲೆಯೇ ಗುರುರಾಜನಿಗೆ ಗೊತ್ತಾದದ್ದು, ಇಲ್ಲಿ ಯಾರೂ ಬಿಚ್ಚುವುದಿಲ್ಲ ಅಂತ. ಹಲಸೂರಿನ ಆ ಸಣ್ಣ ಗಲ್ಲಿಯಲ್ಲಿ ತಮಿಳು ಪೂಜೆ ಮುಗಿಸಿ ಹೊರಬರುತ್ತಿದ್ದವರೂ ಕನ್ನಡ ಪೂಜೆಗೆಂದು ಒಳಹೋಗುತ್ತಿದ್ದವರೂ ಕಾಲಲ್ಲಿದ್ದದ್ದನ್ನು ಕಾಲಲ್ಲೇ ಇಟ್ಟುಕೊಂಡು ನಡೆದಾಡುತ್ತಿದ್ದರು. ಅವನ ಬಲಗಾಲಿನ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ದೇವರ ಮುಂದೆ ಚಪ್ಪಲಿ ಮೆಟ್ಟಿಕೊಂಡು ನಿಲ್ಲುವ ಜನರ ನಡುವೆ ತನ್ನ ಹೆಬ್ಬೆರಳಿಗೆ ತಾನೇಕೆ ನಾಚಬೇಕು ಎಂದುಕೊಂಡ, ನಾಚಿಕೆಯೇನೋ ಆಯಿತು. ಮತ್ತೆ ಹಾಕಿಕೊಳ್ಳಲು ಬಗ್ಗಿದರೆ ಯಾರಾದರೂ ನೋಡಿಯಾರು, ನೋಡಿ ಹೊಸಬನೆಂದು ತಿಳಿದಾರು. ಇನ್ಶೂರೆನ್ಸ್ ಕಂಪನಿಯಲ್ಲಿ ಆಫೀಸರಾಗಿ ಕೂದಲು ಬೆಳ್ಳಗೆ ಮಾಡಿಕೊಂಡವನು ಯಾವ ಕಟ್ಟಡದೊಳಕ್ಕೂ ಹೊಸಬನಂತೆ ಕಾಲಿಟ್ಟಿರಲಿಲ್ಲ. ಹೆಂಡತಿ ಸೀತಾಲಕ್ಷ್ಮಿ ಆಗಲೇ ಒಳಗೆ ಹೋಗಿ, ಕೊನೆಯ ಬೆಂಚಿನ ತುದಿಯಲ್ಲಿ ತನ್ನದೇ ಜಾಗವೆಂಬಂತೆ ಕೂತಿದ್ದಳು. ಅವಳ ಕಾಲಲ್ಲೂ ಚಪ್ಪಲಿ ಇತ್ತು. ಒಂದು ಮಾತು ಹೇಳಬಾರದಿತ್ತೇ ಇವಳು ಎಂದು ಹಲ್ಲು ಕಚ್ಚಿಕೊಂಡು, ಹೆಬ್ಬೆರಳನ್ನು ಮಡಿಸಿ ನಡೆಯುತ್ತ ಹೋಗಿ ಅವನು ಅವಳ ಪಕ್ಕ ಕೂತ.

ಬಂದದ್ದು ಭಕ್ತಿಗಂತೂ ಅಲ್ಲ. ಇವತ್ತು ಮಗಳು ಮಧುರಾಳ ಮಗುವಿಗೆ ನಾಮಕರಣ, ಕೆ.ಆರ್. ಪುರದ ಆಚೆಯ ಹಳ್ಳಿಯಲ್ಲಿ, ಅಳಿಯ ಭೀಮೇಶನ ಮನೆಯಲ್ಲಿ. ಎರಡು ವರ್ಷದಿಂದ ಮಧುರಾ ಅಪ್ಪನ ಜೊತೆ ಮಾತಾಡಿಲ್ಲ, ಜೀವನ್ ಬಿಮಾ ನಗರದ ಮನೆಯ ಮೆಟ್ಟಿಲು ಹತ್ತಿಲ್ಲ. ಹೋದ ವಾರ ಅಮ್ಮನಿಗೆ ಫೋನ್ ಮಾಡಿದವಳು, ಸ್ಪೀಕರ್ ಹಾಕಿದೆಯೆಂದು ಗೊತ್ತಿದ್ದೇ ಹೇಳಿದ್ದಳು: "ಅಪ್ಪ ಬರೋದಾದ್ರೆ ಬರ್ಲಿ. ಬಂದ್ರೆ ನಮ್ಮನೇಲಿ ಊಟ ಮಾಡ್ಬೇಕು. ಹೊಟ್ಟೆ ಸರಿಯಿಲ್ಲ, ಉಪವಾಸ, ಅವೆಲ್ಲ ಬೇಡ. ಊಟ ಮಾಡಲ್ಲ ಅಂದ್ರೆ ಮಗು ಮುಖ ನೋಡೋದೂ ಬೇಡ." ಗುರುರಾಜ ಪೇಪರಿನಿಂದ ತಲೆ ಎತ್ತಿರಲಿಲ್ಲ. ಷರತ್ತು ಹಾಕುವುದನ್ನು ಇವಳು ಯಾರಿಂದ ಕಲಿತಳು ಎಂದು ಒಳಗೇ ಕೇಳಿಕೊಂಡು, ಉತ್ತರ ಗೊತ್ತಿದ್ದುದರಿಂದ ಪುಟ ತಿರುಗಿಸಿದ. ಸೀತಾಲಕ್ಷ್ಮಿ ಹೋಗಿರೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. "ಭಾನುವಾರ ನಾನು ಚರ್ಚಿಗೆ ಹೋಗಿ ಅಲ್ಲಿಂದ್ಲೇ ಮೆಟ್ರೋ ಹತ್ತುತೀನಿ. ಬರೋದಾದ್ರೆ ಜೊತೇಲೇ ಬನ್ನಿ" ಎಂದಳು, ಅಷ್ಟೆ. ಮಗಳು ಮುನಿಸಿಕೊಂಡ ಮೇಲೆ ಅವಳು ಕಾಲೋನಿಯ ಗಣಪತಿಗೆ ಸುತ್ತು ಹಾಕಿದ್ದಳು, ಸೋಮೇಶ್ವರನಿಗೆ ಹಾಲು ಎರೆದಿದ್ದಳು. ಆಮೇಲೆ ಎದುರು ಮನೆಯ ಜಯಮಾಲಾ ಯಾವುದೋ ಭಾನುವಾರ ಇಲ್ಲಿಗೆ ಕರೆದುಕೊಂಡು ಬಂದಳು. ಇಲ್ಲಿ ಕೇಳಿದ್ದು ನಡೆಯುತ್ತದಂತೆ. "ಸೋಮೇಶ್ವರನಿಗೆ ರಜೆ ಕೊಟ್ಯಾ?" ಎಂದು ಗುರುರಾಜ ಪ್ರತಿ ಭಾನುವಾರವೂ ಕೇಳುತ್ತಿದ್ದ. ಅವಳು ಪ್ರತಿ ಭಾನುವಾರವೂ ಮೋಂಬತ್ತಿಯನ್ನು ಬ್ಯಾಗಿಗೆ ಹಾಕಿಕೊಂಡು ಸುಮ್ಮನೆ ಹೊರಡುತ್ತಿದ್ದಳು.

ಎದುರಿಗೆ ಫಾದರ್ ಓದತೊಡಗಿದ್ದರು. ಕನ್ನಡವೇನೋ ಕನ್ನಡವೇ, ಆದರೆ ಯಾವುದೋ ಸರ್ಕಾರಿ ಸುತ್ತೋಲೆಯಂತೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಕನ್ನಡ ಎಂದು ಗುರುರಾಜ ತುಟಿ ಕೊಂಕಿಸಿದ. ಆಮೇಲೆ ಅವನಿಗೆ ಅರಿವಿಲ್ಲದೆಯೇ ಕಿವಿ ನೆಟ್ಟಗಾಯಿತು. ಯಾರೋ ಕನಾನ್ ನಾಡಿನ ಹೆಂಗಸಂತೆ, ಅವರ ಜಾತಿಯವಳಲ್ಲ, ಅವರ ದೇವರವಳೂ ಅಲ್ಲ. ಮಗಳಿಗೆ ದೆವ್ವ ಹಿಡಿದಿದೆ, ಕಾಪಾಡು ಎಂದು ಯೇಸುವಿನ ಹಿಂದೆ ಕೂಗಿಕೊಂಡು ಬರುತ್ತಾಳೆ. ಅವನು ಬಾಯಿ ಬಿಡುವುದಿಲ್ಲ. ಶಿಷ್ಯರು, ಇವಳ ಕೂಗು ತಡೆಯೋದಕ್ಕಾಗಲ್ಲ, ಕಳಿಸಿಬಿಡು ಎನ್ನುತ್ತಾರೆ. ಕೊನೆಗೆ ಅವನು ಹೇಳುತ್ತಾನೆ: ಮಕ್ಕಳ ರೊಟ್ಟಿಯನ್ನು ತೆಗೆದು ನಾಯಿಗೆ ಹಾಕುವುದು ಸರಿಯಲ್ಲ. ಆ ಹೆಂಗಸು, ಹೌದು ಸ್ವಾಮಿ, ಆದರೆ ಯಜಮಾನನ ಮೇಜಿನಿಂದ ಬಿದ್ದ ಚೂರನ್ನು ನಾಯಿಮರಿಗಳೂ ತಿನ್ನುತ್ತವಲ್ಲ ಎನ್ನುತ್ತಾಳೆ. ಅಮ್ಮಾ, ನಿನ್ನ ನಂಬಿಕೆ ದೊಡ್ಡದು, ನೀನು ಬಯಸಿದಂತೆ ಆಗಲಿ ಎನ್ನುತ್ತಾನೆ ಅವನು. ಮಗಳಿಗೆ ವಾಸಿಯಾಗುತ್ತದೆ. ಫಾದರ್ ಪುಸ್ತಕ ಮುಚ್ಚಿ, ದೇವರ ಮೌನ ನಿರಾಕರಣೆಯಲ್ಲ, ಅದು ನಂಬಿಕೆಯ ಪರೀಕ್ಷೆ ಎಂದು ವಿವರಿಸತೊಡಗಿದರು. ಗುರುರಾಜ ಹೆಂಡತಿಯ ಕಡೆ ಬಾಗಿ, "ಕೇಳಿಸ್ಕೊಂಡ್ಯಾ? ನಾಯಿ ಅಂದ. ಬಾಯಿ ಬಿಟ್ಟು ಅಂದ" ಎಂದು ಪಿಸುಗುಟ್ಟಿದ. ಬಹಳ ದಿನಗಳ ಮೇಲೆ ಅವನಿಗೆ ಮನಸ್ಸು ಹಗುರಾಗಿತ್ತು.

ಎಷ್ಟು ಒರಟು ಎಂದು ಅವನಿಗೆ ಅನಿಸಿತು. ಇಲ್ಲ ಎನ್ನುವುದನ್ನು ಹೀಗೆ ಹೇಳುತ್ತಾರೆಯೇ? ಇಲ್ಲ ಎನ್ನುವುದು ಒಂದು ಕಲೆ. ಆಫೀಸಿನಲ್ಲಿ ಕ್ಲೇಮು ತಿರಸ್ಕಾರವಾದವರು ಕೂಗಾಡಿಕೊಂಡು ಬಂದರೆ ಅವರನ್ನು ಗುರುರಾಜನ ಮೇಜಿಗೇ ಕಳಿಸುತ್ತಿದ್ದರು. ಅವನು ಎದ್ದು ಕುರ್ಚಿ ಎಳೆದುಕೊಟ್ಟು, ಕಾಫಿ ತರಿಸಿ, ಊರು ಕೇರಿ ವಿಚಾರಿಸಿ, ಲೋಟ ಖಾಲಿಯಾಗುವ ಹೊತ್ತಿಗೆ ಇಲ್ಲ ಎಂದು ಹೇಳಿ ಮುಗಿಸಿರುತ್ತಿದ್ದ. ಎಷ್ಟೋ ಜನ ಕೈ ಮುಗಿದು ಹೋಗಿದ್ದಾರೆ. ಅವತ್ತು ಕಾಲೋನಿಯ ಸಭಾಂಗಣದಲ್ಲಿ, ಅಣ್ಣನ ಮಗ ಶಿಶಿರನ ಉಪನಯನದ ದಿನವೂ ತಾನು ಒರಟಾಗಿ ಏನೂ ಆಡಿರಲಿಲ್ಲ. ಮೊದಲ ಪಂಕ್ತಿ ವೈದಿಕರಿಗೆ. ಅದು ನಿಯಮ, ತಾನೂ ಕೂರುವುದಿಲ್ಲ, ಅಣ್ಣನೂ ಕೂರುವುದಿಲ್ಲ. ಭೀಮೇಶ ತಿಳಿಯದೆ ಅವರ ಸಾಲಿನ ತುದಿಯಲ್ಲಿ ಹೋಗಿ ಕೂತಿದ್ದ. ಅಣ್ಣ ದೂರದಿಂದ ಕಣ್ಣಲ್ಲೇ ಸನ್ನೆ ಮಾಡಿದ. ಗುರುರಾಜ ಹೋಗಿ ಅಳಿಯನ ಹೆಗಲ ಮೇಲೆ ಮೆತ್ತಗೆ ಕೈಯಿಟ್ಟು, ನಗುನಗುತ್ತಲೇ, "ನೀವು ಮುಂದಿನ ಪಂಕ್ತಿಗೆ ಕೂತ್ಕೊಳ್ಳಿ, ಬನ್ನಿ" ಎಂದ. ಇಷ್ಟೇ. ಎಲೆಗೆ ಉಪ್ಪು, ಕೋಸಂಬರಿ ಬಿದ್ದಾಗಿತ್ತು. ಭೀಮೇಶ ಎಲೆಯನ್ನು ನೋಡಿದ, ಹೆಗಲ ಮೇಲಿನ ಕೈಯನ್ನು ನೋಡಿದ, ಎದ್ದ. ಆ ತುದಿಯಲ್ಲಿ ಹೆಂಗಸರ ಜೊತೆ ನಿಂತಿದ್ದ ಮಧುರಾ ಬಂದು ಅವನ ಕೈ ಹಿಡಿದುಕೊಂಡಳು, ಇಬ್ಬರೂ ಬಾಗಿಲ ಕಡೆ ನಡೆದರು. ಮೆತ್ತಗೆ ಹೇಳಿದ್ದೆನಲ್ಲ ಎಂದು ಗುರುರಾಜ ಎರಡು ವರ್ಷದಿಂದ ಹೆಂಡತಿಗೆ ಹೇಳುತ್ತಲೇ ಇದ್ದಾನೆ. ತಾನು ಜಾತಿಗೀತಿ ನೋಡುವವನಾಗಿದ್ದರೆ ಮದುವೆಗೆ ಒಪ್ಪುತ್ತಿದ್ದೆನೇ? ಭೀಮೇಶನ ತಾತನ ಕಾಲದಲ್ಲೇ ಅವರ ಮನೆಯವರು ಬೌದ್ಧರಾಗಿದ್ದರು, ಅದು ಗುರುರಾಜನಿಗೆ ಬಹಳ ಅನುಕೂಲವಾಗಿತ್ತು. "ಅಳಿಯ ಬುದ್ಧಿಸ್ಟು, ಕಾಲೇಜಲ್ಲಿ ಕೆಮಿಸ್ಟ್ರಿ ಲೆಕ್ಚರರ್ರು" ಎಂದರೆ ಕೇಳಿದವರಿಗೆ ಜಪಾನೋ ಟಿಬೆಟ್ಟೋ ನೆನಪಾಗಿ, ಮುಂದಕ್ಕೆ ಏನನ್ನೂ ಕೇಳುತ್ತಿರಲಿಲ್ಲ.

ಜನ ಬೆಂಚುಗಳಿಂದ ಏಳತೊಡಗಿದರು. ನಡುವಿನ ದಾರಿಯಲ್ಲಿ ಸಾಲು ನಿಂತಿತು. ಫಾದರ್ ಒಬ್ಬೊಬ್ಬರ ಕೈಗೂ ಬಿಳಿಯ ತೆಳ್ಳನೆಯ ಬಿಲ್ಲೆಯೊಂದನ್ನು ಇಡುತ್ತಿದ್ದರು. ಸೀತಾಲಕ್ಷ್ಮಿ ಕೂತಲ್ಲೇ ಕೂತಿದ್ದಳು.

"ನೀನು ಹೋಗಲ್ವಾ?"

"ಅದು ನಮಗಲ್ಲ ರೀ. ಅವರಲ್ಲಿ ಸೇರಿದೋರಿಗೆ ಮಾತ್ರ."

"ಪ್ರಸಾದ ತಾನೆ? ಬಂದೋರಿಗೆ ಪ್ರಸಾದ ಕೊಡಲ್ಲ ಅನ್ನೋ ದೇವರು ಯಾವೋನು?"

"ಸುಮ್ನೆ ಕೂತ್ಕೊಳ್ಳಿ."

ಅವನು ಎದ್ದ. ಎದ್ದದ್ದು ಯಾಕೆಂದು ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ಸರಿಯಾಗಿ ಹೊಳೆಯಲಿಲ್ಲ. ಕೊಡದಿದ್ದರೆ ಹೆಂಡತಿಯ ಮುಂದೆ ಅವಳ ಹೊಸ ದೇವರ ಬಂಡವಾಳ ಬಯಲಾಗುತ್ತದೆ; ಕೊಟ್ಟರೆ, ನೋಡು, ನನ್ನನ್ನು ನೋಡಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಎರಡರಲ್ಲೂ ತನಗೇ ಗೆಲುವು ಎಂದು ಲೆಕ್ಕ ಹಾಕಿದ್ದನೇನೋ. ಸಾಲು ಮುಂದೆ ಸರಿಯಿತು. ಹೆಬ್ಬೆರಳಿಗೆ ನೆಲದ ಕಲ್ಲು ತಣ್ಣಗೆ ತಾಗುತ್ತಿತ್ತು. ಮುಂದಿನವನು ಎಡಗೈಯನ್ನು ಬಲಗೈಯ ಮೇಲೆ ಹರಡಿ ಹಿಡಿದು, ಆಮೆನ್ ಎಂದು ಗೊಣಗಿ ಪಕ್ಕಕ್ಕೆ ಹೋದ. ಗುರುರಾಜನ ಕೈ ತಾನಾಗಿ ಮುಂದೆ ಬಂತು. ಜನಿವಾರ ಹಾಕಿದ ದಿನದಿಂದ ಕಲಿತ ಕೈ. ಬಲಗೈ ಬಟ್ಟಲಾಗಿ, ಹೆಬ್ಬೆರಳು ತೋರುಬೆರಳನ್ನು ಒತ್ತಿ, ಎಡಗೈ ಅದರ ಅಡಿಗೆ, ತೀರ್ಥ ಒಂದು ಹನಿಯೂ ಸೋರಬಾರದು ಹಾಗೆ. ಫಾದರ್ ಬಿಲ್ಲೆಯನ್ನು ಎತ್ತಿದವರು ಆ ಕೈಯನ್ನು ನೋಡಿದರು, ಅವನ ಮುಖವನ್ನು ನೋಡಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ತಾತ್ಸಾರವಿರಲಿಲ್ಲ, ಎರಡರಲ್ಲೊಂದು ಇದ್ದಿದ್ದರೂ ಗುರುರಾಜ ಬದುಕಿಕೊಳ್ಳುತ್ತಿದ್ದ. ಬಿಲ್ಲೆಯನ್ನು ಮೆಲ್ಲಗೆ ಪಾತ್ರೆಗೆ ಇಳಿಸಿ, ಅದೇ ಕೈಯನ್ನು ಅವನ ತಲೆಯ ಮೇಲಿಟ್ಟು, "ದೇವರು ನಿಮಗೆ ಒಳ್ಳೇದು ಮಾಡ್ಲಿ" ಎಂದು ನಗುಮುಖದಿಂದಲೇ ಹೇಳಿ, ಕಣ್ಣಲ್ಲಿ ಪಕ್ಕಕ್ಕೆ ದಾರಿ ತೋರಿಸಿದರು. ಗುರುರಾಜ ತಿರುಗಿದ. ತಿರುಗುವಾಗ ಖಾಲಿ ಅಂಗೈ, ತೀರ್ಥ ಕುಡಿದ ಮೇಲೆ ಮಾಡುವಂತೆ, ತಾನಾಗಿ ಎದ್ದು ತಲೆಯನ್ನು ಸವರಿಕೊಂಡಿತು. ಹಿಂದಿದ್ದ ಮುದುಕಿಯೊಬ್ಬಳು, "ಪರವಾಗಿಲ್ಲ ಸಾರ್, ಹೋಗಿ ಹೋಗಿ" ಎಂದು ಸಮಾಧಾನ ಮಾಡಿದಳು. ಕೊನೆಯ ಬೆಂಚಿನವರೆಗೆ ನಡೆಯುವಷ್ಟು ಹೊತ್ತೂ ಅವನಿಗೆ ಕಿವಿ ಸುಡುತ್ತಿತ್ತು. ಸೀತಾಲಕ್ಷ್ಮಿ ಅವನು ಬಂದು ಕೂರಲೆಂದು ಮೊಣಕಾಲು ಸರಿಸಿದಳು.

ಮೆಟ್ರೋದಲ್ಲಿ ಭಾನುವಾರದ ಜನ. ಹೆಂಡತಿಗೆ ಸೀಟು ಸಿಕ್ಕಿತು, ಅವನು ಅವಳೆದುರು ಕಂಬ ಹಿಡಿದು ನಿಂತ. ಬೂಟಿನೊಳಗೆ ಹೆಬ್ಬೆರಳು ಈಗ ಸುರಕ್ಷಿತವಾಗಿತ್ತು. ಇಂದಿರಾನಗರದಲ್ಲಿ ಹುಡುಗ ಹುಡುಗಿಯರು ನಗುತ್ತ ಇಳಿದರು, ನಗುತ್ತ ಹತ್ತಿದರು. ಎಲ್ಲರೂ ತನ್ನನ್ನೇ ನೋಡಿ ನಗುತ್ತಿರಬೇಕು, ಚರ್ಚಿನಿಂದ ಇವರಿಗೆಲ್ಲ ಯಾರೋ ಫೋನು ಮಾಡಿ ತಿಳಿಸಿರಬೇಕು. ಎಷ್ಟು ನಯವಾಗಿ ಮಾಡಿದ ಆ ಮನುಷ್ಯ! ತಲೆಯ ಮೇಲೆ ಕೈಯಿಟ್ಟು! ಬೈದು ಕಳಿಸಿದ್ದರೆ ವಾದ ಮಾಡಬಹುದಿತ್ತು. ತಲೆಗೂದಲ ನಡುವೆ ಇನ್ನೂ ಆ ಬೆರಳುಗಳ ಭಾರವಿತ್ತು. ಒಂದು ಕಡೆ ಹರಿಯಲೇಬೇಕಾದ ಸಿಟ್ಟು ಹೆಂಡತಿಯ ಕಡೆ ಹರಿಯಿತು.

"ಬೇರೆಯವರ ಬಾಗಿಲಿಗೆ ಹೋದ್ರೆ ಆಗೋದೇ ಇಷ್ಟು. ಆ ಹೆಂಗಸಿನ ಕಥೆ ನೋಡು. ನಾಯಿ ಅಂತಾನೆ, ಇವಳು ಹೌದು ಸ್ವಾಮಿ ಅಂತಾಳೆ. ಇದಕ್ಕೆ ನಂಬಿಕೆ ಅಂತಾರಾ? ಮಾನ ಮರ್ಯಾದೆ ಬಿಟ್ಟೋಳು ಅಂತಾರೆ. ನಾನಾಗಿದ್ರೆ ನಿನ್ನ ರೊಟ್ಟೀನ ನೀನೇ ಇಟ್ಕೋ ಅಂತ ಬಂದ್ಬಿಡ್ತಿದ್ದೆ."

"ನೀವು ಬಂದ್ಬಿಡ್ತಿದ್ರಿ" ಎಂದಳು ಸೀತಾಲಕ್ಷ್ಮಿ.

"ಮತ್ತೆ? ಸ್ವಾಭಿಮಾನ ಇರೋರು ಇನ್ನೇನ್ ಮಾಡ್ತಾರೆ?"

"ಅವಳ ಮಗಳು ಮನೇಲಿ ಬಿದ್ದಿದ್ಳು ರೀ. ಅವನು ತನ್ನನ್ನ ಏನಂದ ಅಂತ ಯೋಚ್ನೆ ಮಾಡ್ತಾ ಕೂರೋಕೆ ಅವಳಿಗೆಲ್ಲಿತ್ತು ಪುರುಸೊತ್ತು?" ಅವಳು ಬ್ಯಾಗಿನಿಂದ ಮಗುವಿಗೆಂದು ಹೊಲಿದಿದ್ದ ಕುಲಾವಿಯನ್ನು ತೆಗೆದು, ಅದರ ದಾರ ಸರಿಮಾಡಿ, ಮತ್ತೆ ಒಳಗಿಟ್ಟಳು. "ಫಾದರ್ ಪರೀಕ್ಷೆ ಅಂತಾರೆ, ನೀವು ಅವಮಾನ ಅಂತೀರ. ಇಬ್ರೂ ಅವನ ಮಾತನ್ನೇ ಹಿಡ್ಕೊಂಡಿದೀರ. ನಂಗೆ ಅವನು ಬೇಡ. ಆ ಹೆಂಗಸನ್ನ ನೋಡೋಕೇ ನಾನು ಆ ಚರ್ಚಿಗೆ ಹೋಗೋದು."

ಗುರುರಾಜ ಕಿಟಕಿಯ ಕಡೆ ತಿರುಗಿದ. ರೈಲು ಬೈಯಪ್ಪನಹಳ್ಳಿ ದಾಟುತ್ತಿತ್ತು. ಕಿಟಕಿಯಾಚೆ ಹಳಿಗಳ ಮೇಲೆ ಬಿಸಿಲು ಬಿದ್ದಿತ್ತು, ಮತ್ತು ಆ ಬಿಸಿಲಿನಲ್ಲಿ, ಯಾರೂ ಕರೆಯದೆಯೇ, ಮಧುಕರ್ ಬಂದು ಕೂತರು. ಮಧುಕರ್ ಎಂದರೆ ಅವನ ಆಫೀಸಿನ ಜನರಲ್ ಮ್ಯಾನೇಜರ್. ಉಪನಯನದ ದಿನ ಮೊದಲ ಪಂಕ್ತಿಯಲ್ಲಿ, ಭೀಮೇಶನ ಪಕ್ಕದ ಎಲೆಯ ಮುಂದೆ, ಪ್ಯಾಂಟಿನ ಮೇಲೆ ಶಲ್ಯ ಹೊದ್ದು ಕೂತು, ಕೋಸಂಬರಿಗೆ ಇನ್ನಷ್ಟು ನಿಂಬೆಹಣ್ಣು ಬೇಕಿತ್ತು ಎನ್ನುತ್ತಿದ್ದವರು. ಅವರು ಯಾವ ಜನ ಎಂದು ಯಾರೂ ಕೇಳಿರಲಿಲ್ಲ, ಬ್ರಾಹ್ಮಣರಲ್ಲ ಎನ್ನುವುದಂತೂ ಇಡೀ ಆಫೀಸಿಗೆ ಗೊತ್ತಿತ್ತು. ಅವರನ್ನು ಆ ಜಾಗದಲ್ಲಿ ಕೈ ಹಿಡಿದು ಕೂರಿಸಿದವನು ಗುರುರಾಜನೇ. ಎರಡು ವರ್ಷ ಹೆಂಡತಿಗೆ ನಿಯಮ ವಿವರಿಸುವಾಗೆಲ್ಲ ಅವನು ಮಧುಕರರ ಎಲೆಯನ್ನು ಮಾತಿನಿಂದ ಎತ್ತಿ ಎಸೆದೇ ವಿವರಿಸುತ್ತಿದ್ದ. ಸೀತಾಲಕ್ಷ್ಮಿ ಅವತ್ತು ಅದೇ ಸಾಲಿಗೆ ತುಪ್ಪ ಬಡಿಸುತ್ತಿದ್ದಳು. ಅವಳಿಗೆ ಕಾಣದೆ ಇರಲು ಸಾಧ್ಯವೇ ಇರಲಿಲ್ಲ. ಒಂದು ದಿನವೂ ಅವಳು ಆ ಹೆಸರು ಎತ್ತಿರಲಿಲ್ಲ. ಕೆ.ಆರ್. ಪುರ ಬಂತೆಂದು ಅವಳೇ ಅವನ ಮೊಣಕೈ ತಟ್ಟಿದಳು.

ಆಟೋ ಇಳಿದಾಗ ಮನೆಯ ಮುಂದಿನ ಶಾಮಿಯಾನದಲ್ಲಿ ಊಟ ಶುರುವಾಗಿಬಿಟ್ಟಿತ್ತು. ಭೀಮೇಶನ ಸೋದರಮಾವ ಆದಿನಾರಾಯಣ ಗೇಟಿನಲ್ಲಿ ನಿಂತು ಎಲ್ಲರಿಗೂ ಕೈಮುಗಿಯುತ್ತಿದ್ದವನು, "ತಡ ಆಗೋಯ್ತು ಸಾರ್, ಹೆಸ್ರು ಕರ್ದಾಯ್ತು. ಸುಜಾತಾ ಅಂತ" ಎಂದ. ಸುಜಾತಾ! ಆಫೀಸಿನ ಡಿಸ್ಪ್ಯಾಚ್ ಸೆಕ್ಷನ್ನಿನಲ್ಲಿ ಒಬ್ಬಳಿದ್ದಳು ಸುಜಾತಾ ಎಂದು ಗುರುರಾಜ ಮನಸ್ಸಿನಲ್ಲೇ ಮೂಗು ಮುರಿದ. ಮುರಿದ ಮೇಲೆ, ತನ್ನ ಮೊಮ್ಮಗಳ ಹೆಸರನ್ನು ಗೇಟಿನಲ್ಲಿ ನಿಂತವನ ಬಾಯಿಂದ ಕೇಳಬೇಕಾಯಿತಲ್ಲ ಎಂದುಕೊಂಡು ಆ ಹೆಸರನ್ನು ಇನ್ನೊಮ್ಮೆ ಒಳಗೇ ಹೇಳಿಕೊಂಡ. ಸೀತಾಲಕ್ಷ್ಮಿ ಯಾರನ್ನೂ ಕೇಳದೆ ಸೀದಾ ಹೋಗಿ, ಉದ್ದ ಮೇಜಿನ ಕೊನೆಯಲ್ಲಿ ಖಾಲಿಯಿದ್ದ ಒಂದೇ ಕುರ್ಚಿಯಲ್ಲಿ ಕೂತು ಎಲೆಗೆ ನೀರು ಚಿಮುಕಿಸಿದಳು. ಮಧುರಾ ಬಕೆಟ್ಟು ಹಿಡಿದು ಬಡಿಸುತ್ತಿದ್ದಳು. ಅಪ್ಪನನ್ನು ನೋಡಿದಳು, ನೋಡಿದ್ದು ತಿಳಿಯುವಷ್ಟು ನೋಡಿ, ಮುಂದಿನ ಎಲೆಗೆ ಸಾರು ಹಾಕಿದಳು. ಸ್ವಲ್ಪ ದಪ್ಪಗಾಗಿದ್ದಳು.

ಭೀಮೇಶನ ತಾಯಿ ಮುನಿಲಕ್ಷ್ಮಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. "ಬನ್ನಿ ಬೀಗ್ರೇ, ಒಳಗ್ ಬನ್ನಿ, ಬಿಸಿಲಲ್ಲಿ ಯಾಕ್ ನಿಂತ್ಕೊಂಡ್ರಿ" ಎಂದು ನಡುಮನೆಗೆ ಕರೆದುಕೊಂಡು ಹೋಗಿ, ಫ್ಯಾನಿನ ಕೆಳಗೆ, ಬುದ್ಧನ ಪಟದೆದುರಿಗೆ ಕುರ್ಚಿ ಹಾಕಿದಳು. ಟೀಪಾಯಿಯ ಮೇಲೆ ಹೊಸ ಸ್ಟೀಲ್ ತಟ್ಟೆ, ಅದರ ಪಕ್ಕ ಬಾಳೆಲೆ ಸುತ್ತಿದ ಪೊಟ್ಟಣ. "ನಿಮಗೇ ಅಂತ ಇಂದಿರಾನಗರದ ಐಯಂಗಾರ್ ಹೋಟ್ಲಿಂದ ತರ್ಸಿದೀನಿ. ಪುಳಿಯೋಗರೆ, ಮೊಸರನ್ನ. ನಮ್ಮನೆ ಕೈ ಸೋಕಿಲ್ಲ, ಹಂಗೇ ಐತೆ. ಮಧುರಾಗೆ ಹೇಳಿಲ್ಲ, ಹೇಳಿದ್ರೆ ಕುಣಿತಾಳೆ. ಯಾಕ್ ಸುಮ್ನೆ ನಿಮಗ್ ಸಂಕಟ." ಅವಳ ಮುಖದಲ್ಲಿ ಕೊಂಕೆಂಬುದು ಇರಲೇ ಇಲ್ಲ. ಗುರುರಾಜ ಹುಡುಕಿದ, ಸಿಕ್ಕಲಿಲ್ಲ. ಅವಳು ನೀರಿನ ಬಾಟಲಿಯ ಮುಚ್ಚಳವನ್ನೂ ತೆಗೆಯದೆ ಪಕ್ಕದಲ್ಲಿಟ್ಟು ಹೊರಗೆ ಓಡಿದಳು.

ಹೇಳಬೇಕಾದ ಮಾತೆಂದರೆ, ಅವನಿಗೆ ಮೊದಲು ಆದದ್ದು ಸಮಾಧಾನ. ಇಡೀ ವಾರ ಅವನು ಈ ಮನೆಯ ಅನ್ನವನ್ನು ಮನಸ್ಸಿನಲ್ಲೇ ಬಾಯಿಗಿಟ್ಟು ಇಟ್ಟು ನೋಡಿದ್ದ, ಪ್ರತಿ ಸಲವೂ, ಹೊರಗಿನವರ ಮನೆಯ ನೀರನ್ನೂ ಮುಟ್ಟದಿದ್ದ ತನ್ನ ತಾತ ಬಂದು ಗಂಟಲಲ್ಲಿ ನಿಂತಿದ್ದರು. ಈಗ ಮನೆ ಇವರದು, ಅನ್ನ ಐಯಂಗಾರರದು, ಷರತ್ತೂ ಪೂರೈಸಿತು, ಯಾರಿಗೂ ನೋವಿಲ್ಲ. ಎಂಥ ತಿಳಿವಳಿಕೆಯ ಹೆಂಗಸು! ಅವನು ಪೊಟ್ಟಣದ ದಾರ ಬಿಚ್ಚಿದ. ಹುಣಿಸೆ, ಇಂಗಿನ ವಾಸನೆ ಬಂತು. ಹೊರಗೆ ಜನ ನಗುತ್ತಿದ್ದರು, ಯಾರೋ ಉಪ್ಪು ಕೇಳುತ್ತಿದ್ದರು, ಬಕೆಟ್ಟಿಗೆ ಸೌಟು ಬಡಿಯುವ ಸದ್ದು. ಫ್ಯಾನಿನ ಕೆಳಗೆ ಅವನೊಬ್ಬನೇ ಇದ್ದ. ಕಾಫಿ ಲೋಟ ಹಿಡಿದು ತನ್ನ ಮೇಜಿನೆದುರು ಕೂರುತ್ತಿದ್ದವರಿಗೆ ಹೀಗೇ ಅನಿಸುತ್ತಿತ್ತೇನೋ. ಎಲ್ಲ ಮರ್ಯಾದೆ, ಕುರ್ಚಿ, ಗಾಳಿ, ನಗುಮುಖ, ಮತ್ತು ಇಲ್ಲ. ಮುನಿಲಕ್ಷ್ಮಮ್ಮ ತನ್ನನ್ನು ಎಷ್ಟು ಸರಿಯಾಗಿ ಅಳೆದಿದ್ದಾಳೆ ಎಂಬುದು ಆಗ ಹೊಳೆಯಿತು. ತಲೆ ಎತ್ತಿದರೆ ಕಿಟಕಿಯ ಸರಳಿನಾಚೆ ಮಧುರಾ ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಅವನನ್ನಲ್ಲ, ಬಿಚ್ಚಿದ ಪೊಟ್ಟಣವನ್ನು. ನೋಡಿ, ಇದು ನನಗೆ ಗೊತ್ತೇ ಇತ್ತು ಎನ್ನುವಂತೆ ಒಂದು ಸಣ್ಣ ನಗೆ ನಕ್ಕಳು. ಆ ನಗೆ ಗುರುರಾಜನಿಗೆ ಚೆನ್ನಾಗಿ ಪರಿಚಯವಿತ್ತು. ಕನ್ನಡಿಯಲ್ಲಿ ದಿನಾ ನೋಡುತ್ತಿದ್ದ.

ಅವನು ಎದ್ದು ಹೊರಗೆ ಬಂದ. ಮೇಜಿನ ಸಾಲು ತುಂಬಿತ್ತು. ಸೀತಾಲಕ್ಷ್ಮಿ ಮುದ್ದೆಯನ್ನು ಮುರಿದು ಸಾರಿಗೆ ಅದ್ದಿ, ಪಕ್ಕದವಳ ಜೊತೆ ಮಾತಾಡುತ್ತ ನುಂಗುತ್ತಿದ್ದಳು, ಎಲ್ಲಿ ಕಲಿತಳೋ. ಅವನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಂಬದ ಪಕ್ಕ ನಿಂತ. ಬಕೆಟ್ಟು ಹಿಡಿದ ಮಧುರಾ ಎದುರಿಗೇ ಬಂದಳು.

"ಇಲ್ಯಾಕ್ ನಿಂತಿದೀಯ?"

"ಊಟಕ್ಕೆ."

"ಒಳಗೆ ಇಟ್ಟಿದಾರಲ್ಲ."

"ಅದು ಬೇಡ. ಇದು ಹಾಕು." ಅವನ ಕೈ ತಾನಾಗಿ ಮುಂದೆ ಬಂದಿತ್ತು, ಬೆಳಗಿನ ಹಾಗೇ, ಬಟ್ಟಲಾಗಿ.

ಮಧುರಾ ಆ ಕೈಯನ್ನು ನೋಡಿದಳು. "ನಾಟಕ ಆಡ್ಬೇಡಪ್ಪ. ಬೊಗಸೇಲಿ ಹಾಕಿಸ್ಕೊಂಡು ಯಾರೂ ತಿನ್ನಲ್ಲ ಇಲ್ಲಿ. ಕುರ್ಚಿ ಖಾಲಿ ಇಲ್ಲ, ಮುಂದಿನ ಪಂಕ್ತಿಗೆ ಕೂತ್ಕೋ." ಸೌಟನ್ನು ಬಕೆಟ್ಟಿಗೆ ಹಾಕಿಕೊಂಡು ಹೋದಳು.

ಖಾಲಿ ಅಂಗೈ ತಲೆಯ ಕಡೆ ಏಳುತ್ತಿತ್ತು. ಅವನು ಅದನ್ನು ಅರ್ಧದಲ್ಲೇ ತಡೆದು ಕೆಳಗಿಳಿಸಿದ. ಎರಡು ವರ್ಷದ ಮೇಲೆ ಎದುರಿಗೆ ನಿಂತು ಅಪ್ಪ ಅಂದಿದ್ದಳು. ನಾಟಕ ಎಂದೂ ಅಂದಿದ್ದಳು. ಎರಡನ್ನೂ ಬೇರೆ ಬೇರೆ ಮಾಡಿ ತೂಗುತ್ತ ನಿಲ್ಲಲು ಈಗ ಪುರುಸೊತ್ತಿರಲಿಲ್ಲ. ಮದುವೆಮನೆಗಳಲ್ಲಿ ಜಾಗ ಹಿಡಿಯುವವರು ಊಟ ಮಾಡುತ್ತಿರುವವರ ಕುರ್ಚಿಯ ಹಿಂದೆ ಹೋಗಿ ನಿಲ್ಲುತ್ತಾರಲ್ಲ, ಹಾಗೆ ನಿಂತವರನ್ನು ಕಂಡರೆ ಅವನಿಗೆ ಜೀವಮಾನವಿಡೀ ಅಸಹ್ಯ. ಸಾಲಿನಲ್ಲಿ ಎಲೆ ಮುಗಿಯುತ್ತ ಬಂದಿದ್ದವರು ಹಲವರಿದ್ದರು. ಅವನು ಅವರೆಲ್ಲರನ್ನೂ ದಾಟಿ ಹೋಗಿ ಭೀಮೇಶನ ಕುರ್ಚಿಯ ಹಿಂದೆ ನಿಂತ. ಎದುರಿಗೇ ಆ ಹೆಗಲು ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಭೀಮೇಶನಿಗೆ ಯಾರೆಂದು ತಿಳಿಯಲು ತಿರುಗಬೇಕಾಗಿರಲಿಲ್ಲ. ಎದುರು ಸಾಲಿನವರೆಲ್ಲ ತಿನ್ನುವುದನ್ನು ನಿಲ್ಲಿಸಿದ್ದರು.

"ನಾನು ಸ್ವಲ್ಪ ನಿಧಾನಕ್ಕೆ ಊಟ ಮಾಡ್ತೀನಿ ಮಾವ" ಎಂದ ಭೀಮೇಶ, ಎಲೆಯ ಮೇಲಿನ ಕಣ್ಣು ತೆಗೆಯದೆ.

"ಮಾಡಿ. ನಾನು ಕಾಯ್ತೀನಿ" ಎಂದ ಗುರುರಾಜ.

ಭೀಮೇಶ ಮಧುರಾಳನ್ನು ಕೂಗಿ ಕರೆದು ಇನ್ನೊಂದು ಮುದ್ದೆ ಹಾಕಿಸಿಕೊಂಡ.